ನಿಕ್ಷೇಪವೂ ದಾನವೂ

ಒಂದು ವಸ್ತುವನ್ನು ಎತ್ತಿಕೊಳ್ಳುವುದು, ಮರಳಿ ಇರಿಸುವುದು ಅತಿ ಸಾಮಾನ್ಯ ಕ್ರಿಯೆಗಳು. ಆದರೆ ನಮ್ಮ ಆಚಾರ್ಯರು ಇವನ್ನು ಸಾಮಾನ್ಯವೆಂದು ಬಿಡಲಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ‘ಆದಾನ-ನಿಕ್ಷೇಪಣ’ವೆಂದು ಅದಕ್ಕೆ ಸ್ಥಾನ ಕೊಟ್ಟರು. ಶಾಸ್ತ್ರವನ್ನಾಗಲಿ ಕಮಂಡಲುವನ್ನಾಗಲಿ ಇಡುವ ಮೊದಲು ಕಣ್ಣಿಟ್ಟು ನೋಡಬೇಕು, ಪಿಂಛಿಯಿಂದ ಮೃದುವಾಗಿ ಮಾರ್ಜನ ಮಾಡಬೇಕು. ಇದರ ಮುಖ್ಯೋದ್ದೇಶ ಜೀವರಕ್ಷೆ. ಆದರೆ ಇಟ್ಟ ವಸ್ತುವಿನ ವಿಷಯದಲ್ಲಿ ಪ್ರಮಾದ ಸಲ್ಲದೆಂಬ ಪಾಠ ಗೃಹಸ್ಥರಾದ ನಮಗೂ ಇದರಲ್ಲಿದೆ. ಈ ಪಾಠವನ್ನು ನಾನು ತಡವಾಗಿ ಕಲಿತೆ.

ಕೃಷ್ಣಾತೀರದ ಒಂದು ಗ್ರಾಮದ ಬಸದಿಯಲ್ಲಿ ಹಿರಿಯರು ಬರೆದಿಟ್ಟ ಕೆಲವು ಹಸ್ತಪ್ರತಿಗಳಿದ್ದವು. ಅವುಗಳ ಛಾಯಾಚಿತ್ರ ತೆಗೆಯಿಸಿ, ಗಣಕಯಂತ್ರದ ಒಂದು ಹಾರ್ಡ್ ಡಿಸ್ಕಿನಲ್ಲಿ ಸಂಗ್ರಹಿಸಿ, ಭದ್ರವಾಯಿತೆಂದು ನಾವು ಸಂತೋಷಪಟ್ಟೆವು. ಆ ಸಮಿತಿಯಲ್ಲಿ ನಾನೂ ಇದ್ದೆ. ಪಕ್ಕದ ಊರಿನ ಉಪಾಧ್ಯಾಯರೊಬ್ಬರು ಸ್ವಾಧ್ಯಾಯಕ್ಕಾಗಿ ಒಂದು ಪ್ರತಿ ಕೇಳಿದಾಗ, “ಬಸದಿಯ ಆಸ್ತಿ ಹೊರಗೆ ಹೋಗಬಾರದು” ಎಂದವರಲ್ಲಿ ನಾನೂ ಒಬ್ಬ. ಡಿಸ್ಕನ್ನು ಹಸ್ತಪ್ರತಿಗಳಿದ್ದ ಕಪಾಟಿನಲ್ಲಿಯೇ ಇಟ್ಟು ಬೀಗ ಹಾಕಿದೆವು. 2019ರ ಆಗಸ್ಟ್ ತಿಂಗಳಿನಲ್ಲಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಭಾಗಗಳಿಗೆ ಮಹಾಪೂರ ಬಂದಾಗ ಕಪಾಟಿನೊಳಗೂ ನೀರು ಹೊಕ್ಕಿತು. ಮೂಲವೂ ಹೋಯಿತು, ಪ್ರತಿಯೂ ಹೋಯಿತು. ಬೀಗ ಮಾತ್ರ ಹಾಗೆಯೇ ಇತ್ತು.

ಪುಣೆಯಲ್ಲಿ ಆನಿಮೇಶನ್ ಚಿತ್ರಗಳ ಕೆಲಸದಲ್ಲಿರುವ ನನ್ನ ಸೋದರಳಿಯನ ಮುಂದೆ ಇದನ್ನು ತೋಡಿಕೊಂಡೆ. “ಮಾಮಾ, ನೀವೊಬ್ಬರೇ ಅಲ್ಲ, ಲೋಕಪ್ರಸಿದ್ಧ ಸಂಸ್ಥೆಯೂ ಹೀಗೆಯೇ ಎಡವಿತ್ತು” ಎಂದು ಅವನು ಒಂದು ಪ್ರಸಂಗವನ್ನು ಹೇಳಿದನು.

ಆನಿಮೇಶನ್ ಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಬೇಕು. ತೊಂಬತ್ತು ನಿಮಿಷದ ಕಥೆಗೆ 1,29,600 ಚಿತ್ರಗಳಾಗುತ್ತವೆ. ಗೊಂಬೆಯ ಆಕಾರ, ಬಣ್ಣ, ಚಲನೆ, ಬೆಳಕು ಎಲ್ಲವೂ ಬೇರೆ ಬೇರೆ ಕಡತಗಳು. ನೂರಾರು ಕಲಾವಿದರು ಒಂದೇ ಸಾಮಾನ್ಯ ಭಂಡಾರದಿಂದ ಅವನ್ನು ತೆಗೆದುಕೊಂಡು, ತಿದ್ದಿ, ಮರಳಿ ಅಲ್ಲಿಯೇ ಇಡುತ್ತಾರೆ. ಅಮೆರಿಕೆಯ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಸಿದ್ಧವಾಗುತ್ತಿದ್ದಾಗ, 1998ರಲ್ಲಿ, ಯಾರೋ ಕೊಟ್ಟ ಅಳಿಸುವ ಆಜ್ಞೆಯೊಂದು ಆ ಭಂಡಾರದ ಮೇಲೆಯೇ ನಡೆಯಿತು. ಮೊದಲು ನಾಯಕ ಗೊಂಬೆಯ ಟೊಪ್ಪಿಗೆ, ಅನಂತರ ಗೊಂಬೆಗಳೇ ಮಾಯವಾಗತೊಡಗಿದವು. ಚಿತ್ರದ ಸುಮಾರು ಶೇಕಡಾ 90 ಭಾಗ ಅಳಿಯಿತೆಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಎಡ್ ಕ್ಯಾಟ್‌ಮಲ್ ಬರೆದಿದ್ದಾರೆ. ಆಪತ್ಕಾಲಕ್ಕೆಂದು ಪ್ರತಿ ತೆಗೆದಿಡುವ ವ್ಯವಸ್ಥೆ ಇತ್ತು. ಆದರೆ ಅದು ಸರಿಯಾಗಿ ನಡೆಯುತ್ತಿರಲಿಲ್ಲ. ಯಾರೂ ಪರೀಕ್ಷಿಸಿರಲಿಲ್ಲವಾದ್ದರಿಂದ ಅದು ಯಾರಿಗೂ ಗೊತ್ತಿರಲಿಲ್ಲ.

ಚಿತ್ರವನ್ನು ಉಳಿಸಿದವರು ಗ್ಯಾಲಿನ್ ಸುಸ್ಮನ್ ಎಂಬ ತಾಯಿ. ಎಳೆಯ ಮಗುವನ್ನು ನೋಡಿಕೊಳ್ಳುತ್ತ ಮನೆಯಿಂದಲೇ ಕೆಲಸ ಮಾಡಲೆಂದು ಅವರು ತಮ್ಮ ಮನೆಯ ಯಂತ್ರಕ್ಕೆ ಚಿತ್ರದ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು. 1999ರ ನವೆಂಬರಿನಲ್ಲಿ ಚಿತ್ರ ತೆರೆಕಂಡಿತು. ಕಾವಲಿದ್ದ ಭಂಡಾರದಲ್ಲಿ ಅಳಿದದ್ದು, ಒಬ್ಬರ ಕೈಗೆ ಕೊಟ್ಟಲ್ಲಿ ಉಳಿದಿತ್ತು.

ಇದನ್ನು ಕೇಳಿದಾಗ ನನಗೆ ಮೂಡಬಿದಿರೆಯ ನೆನಪಾಯಿತು. ಧರಸೇನಾಚಾರ್ಯರು ತಮ್ಮ ಆಯುಸ್ಸು ಮುಗಿಯುತ್ತಿದೆಯೆಂದು ತಿಳಿದು, ತಮ್ಮಲ್ಲಿದ್ದ ಶ್ರುತವನ್ನು ಪುಷ್ಪದಂತ-ಭೂತಬಲಿಗಳಿಗೆ ಧಾರೆಯೆರೆದರು. ಅದು ಷಟ್ಖಂಡಾಗಮವಾಗಿ ಲಿಪಿಬದ್ಧವಾದ ದಿನವೇ ನಾವು ಆಚರಿಸುವ ಶ್ರುತಪಂಚಮಿ. ಅದರ ಮೇಲೆ ವೀರಸೇನಾಚಾರ್ಯರು ಧವಲಾ ಟೀಕೆಯನ್ನು ರಚಿಸಿದರು. ಕಾಲಾಂತರದಲ್ಲಿ ಆ ಸಿದ್ಧಾಂತ ಗ್ರಂಥಗಳ ಪ್ರಾಚೀನ ತಾಳೆಗರಿಗಳು ಉಳಿದದ್ದು ಮೂಡಬಿದಿರೆಯೊಂದರಲ್ಲಿಯೇ. ಶತಮಾನಗಳ ಕಾಲ ಅವು ದರ್ಶನ-ಪೂಜೆಗಳಿಗೆ ಮೀಸಲಾಗಿದ್ದವು, ಓದುವವರಿಗೆ ಸಿಗುತ್ತಿರಲಿಲ್ಲ. ಕಾಪಾಡಿದವರನ್ನು ನಾವು ನಿಂದಿಸಲಾಗದು. ಅವರ ಭಕ್ತಿಯಿಲ್ಲದಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ. ಆದರೆ ಕಾವಲಿದ್ದರೂ ಗರಿಗಳು ಶಿಥಿಲವಾಗುತ್ತಲೇ ಇದ್ದವು. ಕಳೆದ ಶತಮಾನದಲ್ಲಿ ಅವುಗಳಿಂದ ಪ್ರತಿಗಳಾದವು. 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ 16 ಸಂಪುಟಗಳಾಗಿ ಮುದ್ರಣಗೊಂಡಿತು. ಅನಂತರವೇ ಅದು ಸಮಾಜದ ಸೊತ್ತಾಯಿತು. ನಮ್ಮ ನಿಪ್ಪಾಣಿ ಭಾಗದ ಭೋಜ ಗ್ರಾಮದ ಮನೆತನದಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರ ಮಹಾರಾಜರು ತಾಳೆಗರಿಗಳ ಸ್ಥಿತಿಯನ್ನು ತಿಳಿದು ಮರುಗಿ, ಆ ಆಗಮಗಳನ್ನು ತಾಮ್ರಪಟಗಳ ಮೇಲೆ ಕೊರೆಯಿಸಲು ಪ್ರೇರಣೆ ನೀಡಿದರು. ದೇಹದ ಮೇಲೆ ನೂಲೆಳೆಯನ್ನೂ ಇಟ್ಟುಕೊಳ್ಳದ ನಿರ್ಗ್ರಂಥರಿಗೆ ಗ್ರಂಥದ ಚಿಂತೆ ಏಕೆ? ಇಲ್ಲಿಯೇ ನಮ್ಮ ಪ್ರಶ್ನೆಯ ಉತ್ತರವಿದೆ.

ಪರಿಗ್ರಹವಿರುವುದು ವಸ್ತುವಿನಲ್ಲಿ ಅಲ್ಲ, ಅದರ ಮೇಲಿನ ಮೂರ್ಛೆಯಲ್ಲಿ ಎಂಬುದು ಉಮಾಸ್ವಾಮಿ ಆಚಾರ್ಯರ ಅಭಿಪ್ರಾಯ. ಶಾಸ್ತ್ರವನ್ನು ‘ನಮ್ಮದು’ ಎಂದು ಬೀಗದೊಳಗಿಟ್ಟರೆ ಅದೂ ಪರಿಗ್ರಹವೇ. ಮತ್ತೊಬ್ಬರಿಗೆ ದೊರೆಯಲಿ ಎಂದು ಪ್ರತಿ ಮಾಡಿಸಿದರೆ ಅದು ಶಾಸ್ತ್ರದಾನ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆಕೆ ಕಟ್ಟಿದ ಭಂಡಾರಕ್ಕೆ ಗೋಡೆಯಿರಲಿಲ್ಲ. ಸಾವಿರ ಮನೆಗಳೇ ಆ ಭಂಡಾರ.

ಎಲ್ಲವನ್ನೂ ಎಲ್ಲರಿಗೂ ಹಂಚಬೇಕೆ ಎಂದು ಕೆಲವರು ಕೇಳಬಹುದು. ದಾನಿಗಳ ಖಾಸಗಿ ವಿವರ, ಬಸದಿಯ ಬೆಲೆಬಾಳುವ ಮೂರ್ತಿಗಳ ರಕ್ಷಣೆಯ ಮಾಹಿತಿ ಮುಂತಾದವನ್ನು ಗುಪ್ತವಾಗಿಡುವುದೇ ವಿವೇಕ. ಹಾಗೆಯೇ ಸಿಕ್ಕಿದ್ದನ್ನೆಲ್ಲ ಕೂಡಿಡುವುದೂ ಲೋಭವೇ. ಪಿಕ್ಸಾರಿನವರು ಅಷ್ಟು ಕಷ್ಟದಿಂದ ಉಳಿಸಿಕೊಂಡ ಚಿತ್ರವನ್ನೂ ಕಥೆ ಸರಿಯಿಲ್ಲವೆಂದು ಮುಂದೆ ಬಹುಮಟ್ಟಿಗೆ ಹೊಸದಾಗಿ ಮಾಡಿದರಂತೆ. ಉಳಿಸುವುದು ಬೇರೆ, ಅಂಟಿಕೊಳ್ಳುವುದು ಬೇರೆ. ಆದರೆ ಜ್ಞಾನಕ್ಕೆ ಸಂಬಂಧಿಸಿದ್ದನ್ನು ಒಂದೇ ಕೈಯಲ್ಲಿ ಇಡುವ ಹಕ್ಕು ಯಾವ ಸಮಿತಿಗೂ ಇಲ್ಲ.

ಗಣಕದ ವೃತ್ತಿಯವರಲ್ಲಿ ಒಂದು ನಿಯಮವಿದೆ: ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ನದಿಯ ದಡದ ಬಸದಿಯವರು ಒಂದು ಪ್ರತಿಯನ್ನು ಎತ್ತರದ ಊರಿನ ಬಸದಿಗೆ ಕೊಟ್ಟು, ಅವರದನ್ನು ತಾವು ಇಟ್ಟುಕೊಳ್ಳಬಾರದೇಕೆ? ಪ್ರತಿ ವರ್ಷ ಶ್ರುತಪಂಚಮಿಯಂದು ಶಾಸ್ತ್ರಗಳ ಧೂಳು ಒರೆಸಿ ಹೊಸ ವೇಷ್ಟನ ಸುತ್ತುವ ಸಂಪ್ರದಾಯ ನಮ್ಮಲ್ಲಿ ಇದ್ದೇ ಇದೆ. ಅಂದೇ ಡಿಸ್ಕುಗಳನ್ನೂ ತೆರೆದು ಓದಿ ನೋಡಿದರೆ ಸಾಕು. ‘ಪ್ರತಿಲೇಖನ’ ಎಂದರೆ ಮುನಿಗಳ ಆಚಾರದಲ್ಲಿ ಕಣ್ಣಿಟ್ಟು ಪರೀಕ್ಷಿಸುವುದು. ಲೋಕದ ಮಾತಿನಲ್ಲಿ ಇನ್ನೊಂದು ಪ್ರತಿ ಬರೆಯುವುದು. ನಮಗೆ ಎರಡೂ ಬೇಕು.

ಆ ಉಪಾಧ್ಯಾಯರಿಗೆ ಅಂದು ಒಂದು ಪ್ರತಿ ಕೊಟ್ಟಿದ್ದರೆ ಇಂದು ಅವರ ಮನೆಯ ಬಾಗಿಲಿಗೆ ಹೋಗಿ ನಮ್ಮ ಹಿರಿಯರ ಅಕ್ಷರವನ್ನು ಮರಳಿ ಬೇಡಿ ತರಬಹುದಾಗಿತ್ತು. ಕೊಡದೆ ಉಳಿಸಿಕೊಂಡದ್ದು ಹೋಯಿತು. ಧರ್ಮಬಂಧುಗಳು ತಮ್ಮ ತಮ್ಮ ಬಸದಿಯ ಕಪಾಟನ್ನು ಈ ವಾರವೇ ಒಮ್ಮೆ ತೆರೆದು ನೋಡಲೆಂದು ಪ್ರಾರ್ಥಿಸುತ್ತೇನೆ.