ಸಾಧಕನ ಸಂಶಯ

ಸೊಲ್ಲಾಪುರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ದೂರದ ಅಕ್ಕಲಕೋಟೆಗೆ 1856ರಲ್ಲಿ ಬಂದು 1878ರಲ್ಲಿ ಅಲ್ಲಿಯೇ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ವಟವೃಕ್ಷದ ಬಳಿ ಕೈಮುಗಿದು ನಿಂತ ಜನರನ್ನು ಮಾತನಾಡಿಸಿದರೆ, ಅವರು ಕನ್ನಡಿಗರೇ ಇರಲಿ ಮರಾಠಿಗರೇ ಇರಲಿ, ತಮ್ಮ ಭಕ್ತಿಗೆ ಆಧಾರವಾಗಿ ಶಾಸ್ತ್ರವಚನವನ್ನು ಮುಂದಿಡುವುದು ಅಪರೂಪ. ತಮಗೆ ಪ್ರಚೀತಿ ಬಂದಿದೆ ಎನ್ನುತ್ತಾರೆ. ಯಾರೋ ಹೇಳಿದ್ದನ್ನು ಕೇಳಿ ನಂಬಿದವರಲ್ಲ, ಸ್ವತಃ ಕಂಡವರು ನಾವು ಎಂಬುದು ಆ ಮಾತಿನ ತಾತ್ಪರ್ಯ. ಪ್ರಯೋಗಶಾಲೆಯ ಪಂಡಿತನು ತನ್ನ ಸಿದ್ಧಾಂತದ ಸಮರ್ಥನೆಗೆ ಪ್ರತ್ಯಕ್ಷವನ್ನು ಕರೆಯುವಂತೆಯೇ ಭಕ್ತನೂ ಪ್ರತ್ಯಕ್ಷವನ್ನೇ ಕರೆಯುತ್ತಾನೆ; ಅಷ್ಟರಮಟ್ಟಿಗೆ ಅವರಿಬ್ಬರೂ ಒಂದೇ ನ್ಯಾಯಾಲಯದ ಕಕ್ಷಿದಾರರು. ಆದರೆ ಅನುಭವವನ್ನು ಪ್ರಮಾಣವನ್ನಾಗಿ ಒಡ್ಡಿದವನು ಅದರ ಪರೀಕ್ಷೆಗೂ ಒಪ್ಪಿಕೊಂಡಂತಾಯಿತೆಂಬ ಸಂಗತಿಯನ್ನು ಭಕ್ತನು ಪ್ರಾಯಶಃ ಗಮನಿಸಿರುವುದಿಲ್ಲ.

ನಮ್ಮ ದರ್ಶನಕಾರರು ಇದನ್ನು ಗಮನಿಸದೆ ಇರಲಿಲ್ಲ. ಗೌತಮನ ನ್ಯಾಯಸೂತ್ರವು ಆರಂಭದಲ್ಲಿಯೇ ಎಣಿಸುವ 16 ಪದಾರ್ಥಗಳಲ್ಲಿ ಪ್ರಮಾಣ ಪ್ರಮೇಯಗಳ ತರುವಾಯ ಮೂರನೆಯದಾಗಿ ನಿಲ್ಲುವುದು ಸಂಶಯವೇ. ಮುಸ್ಸಂಜೆಯ ಮಬ್ಬಿನಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂದು ತೂಗಾಡುವ ಚಿತ್ತವೃತ್ತಿಯನ್ನು ನೈಯಾಯಿಕರು ದೋಷವೆಂದು ಹಳಿಯದೆ, ನಿರ್ಣಯಕ್ಕೆ ಕರೆದೊಯ್ಯುವ ಮೊದಲ ಮೆಟ್ಟಿಲೆಂದು ಗೌರವಿಸಿದರು. ಇತ್ತ ಗೀತೆಯ ನಾಲ್ಕನೆಯ ಅಧ್ಯಾಯವಾದರೋ ಸಂಶಯಾತ್ಮನಿಗೆ ಇಹವೂ ಇಲ್ಲ, ಪರವೂ ಇಲ್ಲ ಎನ್ನುತ್ತದೆ. ಇವೆರಡರಲ್ಲಿ ವಿರೋಧವಿದೆಯೆಂದು ನನಗೆ ತೋರುವುದಿಲ್ಲ. ಮೋಟುಮರವೋ ಮನುಷ್ಯನೋ ಎಂದು ತಿಳಿಯಲು ಎದ್ದು ಹತ್ತಿರ ಹೋಗುವವನ ಸಂಶಯವೊಂದು, ಎರಡೂ ಆಗಿರಬಹುದೆಂದು ಹೇಳುತ್ತ ಕುಳಿತಲ್ಲಿಯೇ ಉಳಿಯುವವನ ಸಂಶಯವೊಂದು. ಗೀತೆ ಶಪಿಸುವುದು ಎರಡನೆಯವನನ್ನು.

ಹತ್ತಿರ ಹೋಗುವ ಈ ಸಂಶಯವನ್ನು ಸಾಧನೆಯ ಒಳಗೇ ಒಂದು ನಿಯಮವನ್ನಾಗಿ ಸ್ಥಾಪಿಸಲು ಯತ್ನಿಸಿದವರಲ್ಲಿ, ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ, ಪರಿಚಯವಿದ್ದಲ್ಲಿಯೂ ಅಪಕೀರ್ತಿಯ ಮೂಲಕವೇ ಪರಿಚಿತನಾದ ಒಬ್ಬ ಆಂಗ್ಲನಿದ್ದಾನೆ. ಅಲೀಸ್ಟರ್ ಕ್ರೋಲಿ (1875–1947) ಕೇಂಬ್ರಿಜ್ಜಿನಲ್ಲಿ ಓದಿದವನು, ಪರ್ವತಾರೋಹಿ, ಕವಿ, ಮಂತ್ರತಂತ್ರಗಳ ಉಪಾಸಕ; 1901ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಗೆಳೆಯ ಅಲನ್ ಬೆನೆಟ್ಟನೊಡನೆ ಯೋಗಾಭ್ಯಾಸಕ್ಕೆ ಕುಳಿತವನು. ಪ್ರತಿಯೊಬ್ಬನೂ ತನ್ನ ನಿಜವಾದ ಸಂಕಲ್ಪವನ್ನು ಕಂಡುಕೊಂಡು ಅದರಂತೆ ಬಾಳಬೇಕೆಂದು ಬೋಧಿಸುವ ‘ಥೆಲೀಮಾ’ ಎಂಬ ಪಂಥಕ್ಕೆ ಮೂಲಪುರುಷನಾದ ಈತನು 1909ರಿಂದ ‘ದಿ ಈಕ್ವಿನಾಕ್ಸ್’ ಎಂಬ ಪತ್ರಿಕೆಯನ್ನು ಪ್ರಕಟಿಸಿದಾಗ, ಗುರಿ ಧರ್ಮದ್ದಾದರೂ ಮಾರ್ಗ ವಿಜ್ಞಾನದ್ದು ಎಂಬ ಅರ್ಥದ ಘೋಷವಾಕ್ಯವನ್ನು ಅದಕ್ಕೆ ಇಟ್ಟನು.

ಘೋಷವಾಕ್ಯಗಳಿಗೆ ಯಾವ ಪಂಥದಲ್ಲಿಯೂ ಬರಗಾಲವಿಲ್ಲ. ಗಮನಾರ್ಹವಾದುದು ಅವನು ಶಿಷ್ಯರಿಗೆ ವಿಧಿಸಿದ ಅಭ್ಯಾಸಕ್ರಮ. ಪ್ರತಿಯೊಂದು ಪ್ರಯೋಗವನ್ನೂ, ಅದು ನಡೆಯುತ್ತಿರುವಾಗಲೇ ಅಥವಾ ಮುಗಿದೊಡನೆಯೇ, ಕಾಲ, ಸ್ಥಳ, ಹವೆ, ದೇಹಸ್ಥಿತಿ, ಮನಃಸ್ಥಿತಿಗಳ ಸಹಿತ ಬರೆದಿಡತಕ್ಕದ್ದು. ಆಸನಸಿದ್ಧಿಯಾಯಿತೆಂದು ಬಾಯಿಂದ ಹೇಳಿದರೆ ಸಾಲದು. ಅಂಚಿನವರೆಗೆ ನೀರು ತುಂಬಿದ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಒಂದು ತಾಸು ಕುಳಿತರೂ ಹನಿ ಚೆಲ್ಲಬಾರದು. ಧಾರಣೆಯಲ್ಲಿ ಚಿತ್ತವು ಎಷ್ಟು ಹೊತ್ತು ನಿಂತಿತು, ನಡುವೆ ಯಾವ ಯಾವ ಪರವಿಚಾರಗಳು ನುಗ್ಗಿದವು ಎಂಬುದಕ್ಕೆ ಲೆಕ್ಕವಿರಬೇಕು. ದಿವ್ಯದೃಷ್ಟಿ ತನಗಿದೆಯೆಂದು ಊಹಿಸಿದವನು 78 ಎಲೆಗಳ ಟ್ಯಾರೋ ಕಟ್ಟನ್ನು ಕಲಸಿ, ಒಂದು ಎಲೆಯನ್ನು ಕಾಣದಂತೆ ಎಳೆದು, ಅದು ಯಾವುದೆಂದು ಮೊದಲು ಬರೆದು ಆಮೇಲೆ ನೋಡಬೇಕು. ಹೀಗೆ ಅನೇಕ ಬಾರಿ ಮಾಡಿ, ಊಹಿಸಿದ್ದನ್ನೂ ಬಂದದ್ದನ್ನೂ ಎದುರುಬದುರಾಗಿ ಪಟ್ಟಿಮಾಡಬೇಕು. ಏನೂ ತಿಳಿಯದ ಮನುಷ್ಯನು ಕುರುಡಾಗಿ ಹೇಳಿದರೂ 78 ಸಲಕ್ಕೆ ಸರಾಸರಿ ಒಮ್ಮೆ ಸರಿಯಾಗುವುದು ಸಹಜ. ಆದ್ದರಿಂದ ಒಮ್ಮೆ ಸರಿಯಾದ ಸಂಭ್ರಮಕ್ಕೆ ಬೆಲೆಯಿಲ್ಲ, ಸಹಜಸಂಖ್ಯೆಯನ್ನು ಎಷ್ಟರಮಟ್ಟಿಗೆ, ಎಷ್ಟು ಕಾಲ ಮೀರಿತೆಂಬುದಕ್ಕಷ್ಟೇ ಬೆಲೆ. ಹರಕೆ ಫಲಿಸಿದ ಕತೆಗಳನ್ನಷ್ಟೇ ನೆನಪಿಟ್ಟು ಫಲಿಸದವುಗಳನ್ನು ಮರೆಯುವುದು ಮಾನವಸ್ವಭಾವ. ಅಂಥ ನೆನಪು ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ರೋಜಕೀರ್ದಿಯಂತೆ, ಅದನ್ನು ನೋಡಿ ಅಂಗಡಿಯ ಸ್ಥಿತಿಯನ್ನು ತಿಳಿಯಲಾಗದು.

ಇನ್ನೂ ಸೂಕ್ಷ್ಮವಾದುದು ಅವನ ಮತ್ತೊಂದು ಎಚ್ಚರಿಕೆ. ದೇವತೆಗಳು, ಲೋಕಗಳು, ಆವಾಹನೆಗಳು ಎಂದೆಲ್ಲ ತಾನು ಬರೆದಿರುವವು ವಾಸ್ತವದಲ್ಲಿ ಇವೆಯೋ ಇಲ್ಲವೋ ಎಂಬುದು ಅಪ್ರಸ್ತುತವೆಂದೂ, ಇಂತಿಂಥ ಕ್ರಿಯೆಗಳಿಂದ ಇಂತಿಂಥ ಪರಿಣಾಮಗಳು ಒದಗುವುವೆಂಬುದಷ್ಟೇ ತಿಳಿದಿರುವುದೆಂದೂ, ಅವುಗಳಿಗೆ ಬಾಹ್ಯಸತ್ಯತ್ವವನ್ನು ಆರೋಪಿಸಬಾರದೆಂದೂ ಅವನು ವಿದ್ಯಾರ್ಥಿಗಳಿಗೆ ತಾಕೀತು ಮಾಡುತ್ತಾನೆ. ಪರಿಣಾಮವನ್ನು ಒಪ್ಪು, ಕಾರಣದ ಅಂಕಣವನ್ನು ಖಾಲಿ ಬಿಡು. ಸಾಧಕನ ಸಂಶಯವೆಂಬುದು ಏನೆಂದು ಕೇಳಿದರೆ ಇದಕ್ಕಿಂತ ಚೊಕ್ಕವಾದ ಉತ್ತರವನ್ನು ನಾನು ಕಂಡಿಲ್ಲ: ಅದು ಅನುಭವದ ಮೇಲಿನ ಸಂಶಯವಲ್ಲ, ಅನುಭವಕ್ಕೆ ನಾವು ಆತುರದಿಂದ ಇಟ್ಟ ಹೆಸರಿನ ಮೇಲಿನ ಸಂಶಯ.

ಇಷ್ಟು ಬಲ್ಲ ಮನುಷ್ಯನು ಮುಗ್ಗರಿಸಿದ್ದಾದರೂ ಎಲ್ಲಿ? 1904ರ ಏಪ್ರಿಲ್ ತಿಂಗಳಲ್ಲಿ ಕೈರೋ ನಗರದಲ್ಲಿ ಮೂರು ದಿನ ಒಂದು ಅಮಾನುಷವಾಣಿಯು ತನಗೆ ಒಂದು ಗ್ರಂಥವನ್ನು ಹೇಳಿ ಬರೆಯಿಸಿತೆಂದು ಅವನು ಹೇಳಿಕೊಂಡನು. ಅದೇ ಥೆಲೀಮಾದ ವೇದವಾಯಿತು. ಅನ್ಯರಿಗೆ ಖಾಲಿ ಬಿಡೆಂದು ವಿಧಿಸಿದ ಅಂಕಣವನ್ನು ಇಲ್ಲಿ ಅವನೇ ತುಂಬಿದನು. 1925ರಲ್ಲಿ ಟ್ಯುನಿಸ್ ಪಟ್ಟಣದಿಂದ ಹೊರಟ ಅದರ ಟಿಪ್ಪಣಿಯು ಆ ಗ್ರಂಥದ ಅಧ್ಯಯನವನ್ನೇ ನಿಷೇಧಿಸಿ, ಅದರ ವಿಷಯವನ್ನು ಚರ್ಚಿಸುವವರಿಂದ ದೂರವಿರಬೇಕೆಂದು ವಿಧಿಸಿತು. ಎಲೆಯೊಂದನ್ನು ಊಹಿಸುವುದಕ್ಕೆ ಪಟ್ಟಿ ಬೇಕು, ವೇದವೊಂದು ಇಳಿದುಬಂದರೆ ಪ್ರಶ್ನೆ ಕೂಡದು! ಸಿಸಿಲಿಯ ಚೆಫಲೂವಿನಲ್ಲಿ ಅವನು ನಡೆಸಿದ ಆಶ್ರಮವು 1923ರಲ್ಲಿ ಶಿಷ್ಯನೊಬ್ಬನ ಮರಣ ಮತ್ತು ಗುರುವಿನ ಗಡೀಪಾರಿನೊಡನೆ ಕೊನೆಗಂಡಿತು. ಹೆರಾಯಿನ್ ಚಟವು ಅವನನ್ನು ಬಹುಕಾಲ ಬಾಧಿಸಿತು. ವಿಧಾನದ ದೋಷ ಇಲ್ಲಿಯೇ ಇದೆಯೆಂದು ನನ್ನ ಭಾವನೆ: ಪ್ರಯೋಗ ಮಾಡುವವನೂ, ಪ್ರಯೋಗದ ಉಪಕರಣವೂ, ದಾಖಲೆ ಬರೆಯುವವನೂ, ತೀರ್ಪು ಕೊಡುವವನೂ ಒಬ್ಬನೇ ಆದಲ್ಲಿ ದಿನಚರಿಯು ಎಷ್ಟೇ ಪ್ರಾಮಾಣಿಕವಾಗಿದ್ದರೂ ತೀರ್ಪಿಗೆ ಸಾಕ್ಷಿಯಿರುವುದಿಲ್ಲ.

ಬಾಹ್ಯ ಪವಾಡಗಳ ವಿಷಯದಲ್ಲಿ ಸಾಕ್ಷಿ ಸುಲಭ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು; 1989ರಲ್ಲಿ ನರೇಂದ್ರ ದಾಭೋಳ್ಕರರು ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಸ್ಥಾಪಿಸಿ, ಆ ಕಾರ್ಯದಲ್ಲಿಯೇ 2013ರಲ್ಲಿ ಪ್ರಾಣವನ್ನು ತೆತ್ತರು. ಗಾಳಿಯಿಂದ ಭಸ್ಮ ಬರಿಸುವವನನ್ನು ಹತ್ತು ಜನರ ಕಣ್ಣೆದುರಿಗೆ ಪರೀಕ್ಷಿಸಬಹುದು, ಪರೀಕ್ಷಿಸಲೂ ಬೇಕು. ಆದರೆ ಕಣ್ಣುಮುಚ್ಚಿ ಕುಳಿತವನ ಅಂತರಂಗದಲ್ಲಿ ಬೆಳಕು ಹೊಳೆಯಿತೆಂಬ ಮಾತಿಗೆ ಸಮಿತಿಯನ್ನು ನೇಮಿಸಲಾಗದು.

ಆ ಮಾತಿನ ವಿಚಾರವನ್ನು ಇದೇ ಸೀಮೆಯ ಪುರುಷರೊಬ್ಬರು ತಮ್ಮ ಇಡೀ ಬಾಳಿನ ಪ್ರಶ್ನೆಯನ್ನಾಗಿ ಮಾಡಿಕೊಂಡಿದ್ದರು. ಜಮಖಂಡಿಯಲ್ಲಿ 1886ರಲ್ಲಿ ಜನಿಸಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು, ಕ್ರೋಲಿಯು ಕ್ಯಾಂಡಿಯಲ್ಲಿ ಕುಳಿತ ಆ 1901ರಲ್ಲಿಯೇ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮೋಪದೇಶವನ್ನು ಪಡೆದರು. ಭಾವುಸಾಹೇಬರ ಇಂಚಗೇರಿ ಸಂಪ್ರದಾಯಕ್ಕೆ ಭಾಷೆಯ ಗಡಿಯಿಲ್ಲ. ಅದರ ಊರುಗಳು ಇಂದಿನ ಎರಡು ರಾಜ್ಯಗಳಲ್ಲಿ ಹಂಚಿಹೋಗಿವೆ. ರಾನಡೆಯವರು ಗ್ರೀಕ್ ತತ್ತ್ವಶಾಸ್ತ್ರದಿಂದ ಕಾಂಟನವರೆಗೆ ಪಳಗಿದ ಪಂಡಿತರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರೂ ಆಮೇಲೆ ಕುಲಪತಿಗಳೂ ಆದರು. ಸೊಲ್ಲಾಪುರದಿಂದ ವಿಜಾಪುರಕ್ಕೆ ಹೋಗುವ ರೈಲುಮಾರ್ಗದ ನಿಂಬಾಳದಲ್ಲಿ ನೆಲೆನಿಂತು, ನಿತ್ಯದ ನೇಮವನ್ನು ಬಿಡದೆ, 1957ರಲ್ಲಿ ಅಲ್ಲಿಯೇ ದೇಹವಿಟ್ಟರು. 1933ರಲ್ಲಿ ಪ್ರಕಟವಾದ, ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದ ಮುನ್ನುಡಿಯಲ್ಲಿ ಅವರು ಅನುಭಾವವನ್ನು ದೇವರ ಸಾಕ್ಷಾತ್ತಾದ, ಅಪರೋಕ್ಷವಾದ ಗ್ರಹಣವೆಂದು ನಿರೂಪಿಸಿ, ನಿಗೂಢಶಕ್ತಿಗಳ ವಿದ್ಯೆಗೂ ಅದಕ್ಕೂ ನಂಟು ಕಟ್ಟಲು ಕಾರಣವಿಲ್ಲವೆಂದು ಮೊದಲಿಗೇ ಬೇರ್ಪಡಿಸುತ್ತಾರೆ. ಆಮೇಲೆ ಒರೆಗಲ್ಲುಗಳನ್ನು ಒಡ್ಡುತ್ತಾರೆ: ಆ ಅನುಭವವು ದೇಶಕಾಲಗಳನ್ನು ಮೀರಿ ಸಾರ್ವತ್ರಿಕವಾಗಿರಬೇಕು, ತೀಕ್ಷ್ಣಬುದ್ಧಿಯೊಡನೆ ಅದು ಬಾಳಬಲ್ಲುದಾಗಿರಬೇಕು, ಭಾವವನ್ನು ಸಂಸ್ಕರಿಸಬೇಕು, ನಡತೆಯನ್ನು ಎತ್ತರಿಸಬೇಕು.

ಅವರ ಒರೆಗಲ್ಲುಗಳ ಅಗತ್ಯವೇನೆಂಬುದು ಉಪನಿಷತ್ತುಗಳಲ್ಲಿಯೇ ಗೋಚರಿಸುತ್ತದೆ. ಶ್ವೇತಾಶ್ವತರದ ಎರಡನೆಯ ಅಧ್ಯಾಯವು ಯೋಗಿಗೆ ಮುಂಗುರುತುಗಳಾಗಿ ತೋರುವ ಮಂಜು, ಹೊಗೆ, ಸೂರ್ಯ, ಗಾಳಿ, ಬೆಂಕಿ, ಮಿಂಚುಹುಳ, ಮಿಂಚು, ಸ್ಫಟಿಕ, ಚಂದ್ರರನ್ನು ಒಂದೊಂದಾಗಿ ಹೆಸರಿಸುತ್ತದೆ. ಕಿವಿಗಳನ್ನು ಮುಚ್ಚಿಕೊಂಡಾಗ ಕೇಳುವ ಘೋಷದ ಪ್ರಸ್ತಾಪ ಬೃಹದಾರಣ್ಯಕದ ಐದನೆಯ ಅಧ್ಯಾಯದಲ್ಲಿದೆ. ಅನಾಹತನಾದವೆಂದು ಮುಂದಿನವರು ಯಾವುದನ್ನು ಕೊಂಡಾಡಬಹುದಿತ್ತೋ ಅದನ್ನು ಆ ಋಷಿಯು ಅನ್ನವನ್ನು ಅರಗಿಸುವ ವೈಶ್ವಾನರಾಗ್ನಿಯ ಸದ್ದೆಂದು ಶಾಂತಚಿತ್ತನಾಗಿ ಹೇಳಿಬಿಡುತ್ತಾನೆ! ಒಬ್ಬನೇ ಮನುಷ್ಯನ ಒಂದೇ ಕಿವಿಗೆ ಕೇಳಿದ ಒಂದೇ ಸದ್ದು ಪರಬ್ರಹ್ಮದ ನಾದವೂ ಆಗಬಹುದು, ಜಠರದ ಗೊಡವೆಯೂ ಆಗಬಹುದು, ಕೇಳಿತೆಂಬುದರಲ್ಲಿ ವಿವಾದವಿಲ್ಲ.

ಹಾಗಾದರೆ ಎರಡರಲ್ಲಿ ಯಾವುದೆಂದು ನಿರ್ಣಯಿಸುವ ಬಗೆ? ಸೊಲ್ಲಾಪುರದ ನೆಲದಲ್ಲಿ ಈ ಪ್ರಶ್ನೆ ಎಂಟು ಶತಮಾನಗಳಷ್ಟು ಹಳೆಯದು. ಈ ಊರು ಸೊನ್ನಲಿಗೆಯಾಗಿದ್ದ ಕಾಲದಲ್ಲಿ ಕೆರೆ ಕಟ್ಟಿಸಿ, ಗುಡಿಗಳನ್ನೆಬ್ಬಿಸಿ, ಜನಹಿತಕ್ಕಾಗಿ ದುಡಿದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಬಂದ ಪ್ರಸಂಗವನ್ನು ಶೂನ್ಯಸಂಪಾದನೆಯು ವಿಸ್ತರಿಸಿ ಹೇಳುತ್ತದೆ. ಬಂದವನು ಕೈಮುಗಿಯಲಿಲ್ಲ; ನಿಮ್ಮ ಒಡ್ಡರಾಮನೆಲ್ಲಿ ಎಂದು ಕೆಣಕಿ, ಕೆರೆಯ ಕೆಲಸದವರಿಂದ ಕಲ್ಲೇಟನ್ನು ಎದುರಿಸಿ, ಸಿದ್ಧರಾಮನು ಸಿಟ್ಟಿನಿಂದ ಎದುರಾದಾಗ ಆ ಸಿಟ್ಟನ್ನೇ ಅವನ ಸಿದ್ಧಿಗೆ ವಿರುದ್ಧವಾದ ಸಾಕ್ಷಿಯನ್ನಾಗಿ ಹಿಡಿದನು. ಶ್ರೀಶೈಲದ ಮಲ್ಲಯ್ಯನನ್ನು ಕಂಡೆನೆಂಬವನ ದರ್ಶನವನ್ನು ಅಲ್ಲಮನು ಸುಳ್ಳೆನ್ನಲಿಲ್ಲ; ಕಂಡವನಲ್ಲಿ ‘ನಾನು ಮಾಡಿದೆ’ ಎಂಬುದು ಇನ್ನೂ ಉಳಿದಿದೆಯಲ್ಲ ಎಂದು ಕೇಳಿದನು. ಸಿದ್ಧರಾಮನ ದೊಡ್ಡತನವೆಂದರೆ ಅಷ್ಟು ಕಟ್ಟಿ ಮುಗಿಸಿದ ಮೇಲೂ ಆ ಪ್ರಶ್ನೆಗೆ ಮಣಿದು ಕಲ್ಯಾಣದ ಹಾದಿ ಹಿಡಿದದ್ದು. ಕ್ರೋಲಿಗೆ ದೊರೆಯದ, ದೊರೆತಿದ್ದರೂ ಪ್ರಾಯಶಃ ಸಹಿಸಲಾರದಿದ್ದ ಸಾಕ್ಷಿ ಇದು: ಸಾಧಕನ ಅಂತರಂಗವನ್ನು ನೋಡಲಾಗದಿದ್ದರೂ ಅವನ ನಡತೆಯನ್ನು ನೋಡಬಲ್ಲ ಎರಡನೆಯವನೊಬ್ಬ. ಶರಣರ ಗೋಷ್ಠಿಯಲ್ಲಿ ಅನುಭಾವವು ಏಕಾಂತದ ಸೊತ್ತಾಗದೆ ಹಲವರ ನಡುವೆ ಚರ್ಚೆಗೆ ಬಂದದ್ದು ಈ ದೃಷ್ಟಿಯಿಂದ ದೊಡ್ಡ ಸಂಗತಿ.

ಇಲ್ಲಿ ವಿಚಾರವಾದಿಯು ಎತ್ತುವ ಆಕ್ಷೇಪವನ್ನು ಮರೆಮಾಚುವುದು ನ್ಯಾಯವಲ್ಲ. ನಡತೆ ಒಳ್ಳೆಯದಾಯಿತೆಂಬುದರಿಂದ ಅನುಭವವು ಹಿತಕರವೆಂದು ಸಿದ್ಧವಾದೀತು, ಸತ್ಯವೆಂದು ಸಿದ್ಧವಾಗದು. ಸಾರ್ವತ್ರಿಕತೆಯೂ ಮಾನವಚಿತ್ತದ ರಚನೆ ಎಲ್ಲೆಡೆ ಒಂದೇ ಎಂಬುದನ್ನಷ್ಟೇ ತೋರಿಸೀತು. ರಾನಡೆಯವರು ಕಾಂಟನನ್ನು ಅನುಸರಿಸಿ ಸಾರ್ವತ್ರಿಕತೆಯಿಂದಲೇ ವಸ್ತುನಿಷ್ಠತೆ ಲಭಿಸುವುದೆಂದು ವಾದಿಸಿದರೂ, ಆ ವಾದವು ಎಲ್ಲ ಭಾರವನ್ನೂ ಹೊರಲಾರದೆಂದು ನನಗೆ ತೋರುತ್ತದೆ. ಅದಕ್ಕಿಂತ ತೊಡಕಿನದು ಇನ್ನೊಂದು: ಮಿಂಚುಹುಳ ಕಾಣುವುದೆಂದು ಮೊದಲೇ ಕೇಳಿ ಕುಳಿತವನಿಗೆ ಮಿಂಚುಹುಳವೇ ಕಂಡರೆ, ಎಲೆಯನ್ನು ನೋಡಿಕೊಂಡೇ ಊಹಿಸಿದವನ ಪಟ್ಟಿಗಿಂತ ಅವನ ಸಾಕ್ಷ್ಯ ಮೇಲೆನಿಸುವುದು ಹೇಗೆ? ತನಗಾದ ಅನುಭವವನ್ನು ಗುರುವಿನ ಹೊರತು ಅನ್ಯರೆದುರಿಗೆ ಆಡಕೂಡದೆಂಬ ನಿಯಮ ನಮ್ಮ ಅನೇಕ ಪರಂಪರೆಗಳಲ್ಲಿದೆ. ಮೌಢ್ಯವನ್ನು ಕಾಪಾಡುವ ಗುಟ್ಟೆಂದು ಅದನ್ನು ಜರೆದವರು ಬಹಳ. ಆದರೆ ಯಾರಿಗೆ ಏನು ಕಂಡಿತೆಂಬುದನ್ನರಿಯದೆ ಬೇರೆ ಬೇರೆಯಾಗಿ ಕುಳಿತ ಹಲವು ಸಾಧಕರು ಒಬ್ಬನೇ ಗುರುವಿಗೆ ಬಂದು ಒಂದೇ ಬಗೆಯ ಮಾತನ್ನು ಹೇಳಿದರೆ, ಆ ಗುರುವಿನ ಬಳಿ ಸಂಗ್ರಹವಾಗುವ ಸಾಕ್ಷ್ಯವು ಬಹಿರಂಗಚರ್ಚೆಯಿಂದ ದೊರೆಯುವುದಕ್ಕಿಂತ ಶುದ್ಧವಾದುದು. ಉಪನಿಷತ್ತುಗಳಲ್ಲಿ ಚದರಿಹೋಗಿದ್ದ ರೂಪ, ವರ್ಣ, ತೇಜಸ್ಸು, ನಾದಗಳ ಅನುಭವಗಳನ್ನು ರಾನಡೆಯವರೇ 1926ರ ತಮ್ಮ ಗ್ರಂಥದಲ್ಲಿ ಒಂದೆಡೆ ಸೇರಿಸಿ ವಿಂಗಡಿಸಿ ಅಚ್ಚುಹಾಕಿಸಿದರು. ಆ ಪುಟಗಳನ್ನು ಓದಿ ನೇಮಕ್ಕೆ ಕುಳಿತವನು ಎಷ್ಟೇ ಸತ್ಯವಂತನಾಗಿದ್ದರೂ, ಈ ಒಂದು ವಿಷಯದಲ್ಲಿ, ಓದದವನಷ್ಟು ಒಳ್ಳೆಯ ಸಾಕ್ಷಿಯಾಗಲಾರನು.