ಜ್ಯೇಷ್ಠೆಯ ವಯಸ್ಸು

ವೃಶ್ಚಿಕ ರಾಶಿಯ ನಡುವೆ ಕೆಂಪಾಗಿ ತೋರುವ ತಾರೆಗೆ ಜ್ಯೇಷ್ಠಾ ಎಂದು ಹೆಸರು. ಹಿರಿಯಳೆಂದು ಅದರ ಅರ್ಥ. ಕೆಂಪು ಆರುತ್ತಿರುವ ಕೆಂಡದ ಬಣ್ಣವಾದುದರಿಂದ, ಹೆಸರೂ ಬಣ್ಣವೂ ಒಂದನ್ನೇ ಹೇಳುತ್ತಿವೆಯೆಂದು ನೋಡುವವನು ಭಾವಿಸುವುದು ಸಹಜ. ಬಿಳಿಯ ತಾರೆಗಳು ಮೊದಲಿನವು, ಕೆಂಪಿನವು ಕಡೆಯವು ಎಂದು ಪಾಶ್ಚಾತ್ಯ ಜ್ಯೋತಿರ್ವಿದರೂ ಒಂದು ಕಾಲದಲ್ಲಿ ಎಣಿಸಿದ್ದರು. ಆ ಮಾತುಗಳು ಅವರ ಪರಿಭಾಷೆಯಲ್ಲಿ ಇಂದಿಗೂ ಉಳಿದಿವೆ.

ಆದರೆ ಬಣ್ಣವು ತಿಳಿಸುವುದು ಮೇಲ್ಮೈಯ ಶಾಖವನ್ನು ಮಾತ್ರ. ನಕ್ಷತ್ರಗಳ ವರ್ಣಪಟಲಗಳ ಭೇದಕ್ಕೆ ಶಾಖವೇ ಮುಖ್ಯ ಕಾರಣವೆಂಬುದನ್ನು 1920ರಲ್ಲಿ ಮೇಘನಾದ ಸಾಹಾ ಅವರು ಗಣಿತದಿಂದ ತೋರಿಸಿದರು. ಆಯುಸ್ಸನ್ನು ನಿರ್ಣಯಿಸುವುದಾದರೋ ಹುಟ್ಟಿನಲ್ಲಿ ಪಡೆದ ದ್ರವ್ಯರಾಶಿ. ಸೂರ್ಯನ ಹತ್ತರಷ್ಟು ದ್ರವ್ಯವುಳ್ಳ ತಾರೆಯು ಅವನಿಗಿಂತ ಸಾವಿರಾರು ಮಡಿ ಬೆಳಗುತ್ತದೆ. ಗಂಟು ಹತ್ತು ಮಡಿ, ವೆಚ್ಚ ಸಾವಿರಾರು ಮಡಿ. ಅಂಥ ಮನೆ ಎಷ್ಟು ಕಾಲ ನಿಂತೀತು? ಸೂರ್ಯನ ಆಯುಸ್ಸು ಸುಮಾರು 1000 ಕೋಟಿ ವರ್ಷವಾದರೆ ಅದರದು ಎರಡು ಮೂರು ಕೋಟಿ. ಸೂರ್ಯನು ಈಗಾಗಲೇ 460 ಕೋಟಿ ವರ್ಷಗಳನ್ನು ಕಳೆದಿದ್ದಾನೆ. ಹಿರಿಯಳೆನಿಸಿದ ಜ್ಯೇಷ್ಠೆಗೆ ಎರಡು ಕೋಟಿಯೂ ತುಂಬಿರಲಾರದು. ಆದರೂ ಅವಳು ಉಬ್ಬಿ, ಮೇಲೆ ತಣಿದು, ಅವಸಾನಕ್ಕೆ ಸಮೀಪಳಾಗಿದ್ದಾಳೆ. ನೀಲಿಬಿಳುಪಿನ ಚಿತ್ತೆಯು ಹೆಚ್ಚು ಕಡಮೆ ಅವಳ ಓರಗೆಯವಳೇ. ಇತ್ತ, ಸೂರ್ಯನನ್ನು ಬಿಟ್ಟರೆ ಭೂಮಿಗೆ ಅತ್ಯಂತ ಸಮೀಪವಾದ ಪ್ರಾಕ್ಸಿಮಾ ಸೆಂಟಾರಿಯೂ ಕೆಂಪು. ಬರಿಗಣ್ಣಿಗೆ ಕಾಣದಷ್ಟು ಮಂಕಾದ ಆ ತಾರೆಯು ತನ್ನ ಅಲ್ಪ ದ್ರವ್ಯವನ್ನು ಕೃಪಣನಂತೆ ವ್ಯಯಮಾಡುತ್ತ ಲಕ್ಷಾಂತರ ಕೋಟಿ ವರ್ಷ ಬಾಳತಕ್ಕದ್ದು.

ಹಾಗಾದರೆ ಯಾವ ಬಾಳನ್ನು ಮೆಚ್ಚತಕ್ಕದ್ದು? ಬೇಗನೆ ಉರಿದುಹೋದವನನ್ನು ತ್ಯಾಗಿಯೆಂದೋ ದುಂದುಗಾರನೆಂದೋ ಹೇಳುವುದು ಲೋಕರೂಢಿ. ತಾರೆಗಳಲ್ಲಿ ಎರಡೂ ಸಲ್ಲವು. ಕಡಮೆ ಉರಿಯುವ ಸ್ವಾತಂತ್ರ್ಯ ಜ್ಯೇಷ್ಠೆಗಿಲ್ಲ. ಸ್ವಾತಂತ್ರ್ಯವಿಲ್ಲದಲ್ಲಿ ಪಾಪಪುಣ್ಯಗಳ ಮಾತೆಲ್ಲಿ? ಮನುಷ್ಯನಿಗೆ ಅದು ಸ್ವಲ್ಪವಾದರೂ ಉಂಟು, ನಿಜ. ಆದರೆ ಹುಟ್ಟಿನಿಂದ ಬಂದುದೆಷ್ಟು, ತಾನಾಗಿ ಆರಿಸಿಕೊಂಡುದೆಷ್ಟು ಎಂಬುದನ್ನು ಹೊರಗಿನ ಬಣ್ಣದಿಂದ ಅಳೆಯಬಲ್ಲವರಾರು? ಮೂವತ್ತಕ್ಕೇ ನರೆತು ಸೊರಗಿದವನನ್ನು ಕಂಡು ದುಶ್ಚಟವೆಂದು ತೀರ್ಪು ಕೊಡುವ ನೆರೆಯವರು, ಅವನ ಹೆಗಲಿನ ಮೇಲಿದ್ದ ಸಂಸಾರದ ಭಾರವನ್ನು ವಿಚಾರಿಸಿರುವುದಿಲ್ಲ.

ಜ್ಯೇಷ್ಠೆ ಒಂದು ದಿನ ಸಿಡಿಯುವಳು. ಪ್ರಾಣವಾಯುವಿನ ಬಹುಭಾಗವು ಅಂಥ ಮಹಾತಾರೆಗಳ ಗರ್ಭದಲ್ಲಿಯೇ ಪಕ್ವವಾಗಿ ಹೊರಗೆ ಚದರಿದುದು. ಪ್ರಾಕ್ಸಿಮಾದಂಥ ಕಿರುತಾರೆಗಳಿಗೆ ಆ ಪಾಕ ಸಾಧ್ಯವಿಲ್ಲ. ಆದರೆ ಸೂರ್ಯನೂ ಜ್ಯೇಷ್ಠೆಯಂತೆಯೇ ಉರಿದಿದ್ದರೆ, ಅದನ್ನು ಉಸಿರಾಡುವ ಒಂದು ಜೀವಿ ಹುಟ್ಟುವಷ್ಟು ಕಾಲವೂ ಭೂಮಿಗೆ ದೊರೆಯುತ್ತಿರಲಿಲ್ಲ.