ಏಳನೆಯವರು ಯಾರು?

‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂಬ ಮಾತಿಗೆ ನಿಘಂಟಿನಲ್ಲಿ ಜಾಗ ಸಿಕ್ಕಿದೆಯೋ ಇಲ್ಲವೋ, ನಮ್ಮ ನಾಲಿಗೆಯ ಮೇಲಂತೂ ಅದಕ್ಕೆ ಕಾಯಂ ಜಾಗವಿದೆ. ಇಬ್ಬರ ಸೀಟಿನಲ್ಲಿ ಮೂವರು, ಎಂಟು ಜನರ ಅಡುಗೆಯಲ್ಲಿ ಹನ್ನೆರಡು ಜನ. ಈ ಮಾತು ನಮ್ಮ ದೊಡ್ಡ ಗುಣವೋ ದೊಡ್ಡ ದೋಷವೋ ಎಂಬ ಪ್ರಶ್ನೆ ಕಳೆದ ಬೇಸಿಗೆಯ ಒಂದು ಭಾನುವಾರ ನಮ್ಮೆದುರು ಬಂದು ನಿಂತಿತು. ಅದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇವೆ.

ನ್ಯೂಜೆರ್ಸಿಯ ಅಟ್ಲಾಂಟಿಕ್ ಹೈಲ್ಯಾಂಡ್ಸ್ ಬಂದರಿನಿಂದ ಒಂದು ಸಣ್ಣ ದೋಣಿಯನ್ನು ದಿನದ ಮಟ್ಟಿಗೆ ಬಾಡಿಗೆಗೆ ಗೊತ್ತುಮಾಡಿದ್ದೆವು. ಸ್ಯಾಂಡಿ ಹುಕ್‌ನ ತುದಿಯನ್ನು ಸುತ್ತಿ, ಸೀ ಬ್ರೈಟ್, ಲಾಂಗ್ ಬ್ರಾಂಚ್‌ಗಳ ಕಡಲ ತೀರದುದ್ದಕ್ಕೂ ಹೋಗಿ ಸಂಜೆಗೆ ಹಿಂತಿರುಗುವುದೆಂದು ಏರ್ಪಾಡು. ನಾವು ಗಂಡ ಹೆಂಡತಿ ಇಬ್ಬರು, ಸ್ನೇಹಿತ ದಂಪತಿಗಳು, ಕಾಲೇಜಿಗೆ ಹೋಗುವ ಅವರ ಮಗ ಮತ್ತು ಮಗಳು. ಒಟ್ಟು ಆರು ಜನ. ಚಿತ್ರಾನ್ನ, ಮೊಸರನ್ನ, ಕೋಡುಬಳೆಯ ಡಬ್ಬಗಳೊಂದಿಗೆ ಬೆಳಿಗ್ಗೆ ಒಂಬತ್ತಕ್ಕೇ ಬಂದರು ಸೇರಿದೆವು. ಬಿಸಿಲು ಚೆನ್ನಾಗಿತ್ತು, ನೀರು ಶಾಂತವಾಗಿತ್ತು. ಸ್ನೇಹಿತರ ಕಾರಿನಿಂದ ಏಳನೆಯವರು ಇಳಿದರು! ಹಿಂದಿನ ವಾರವಷ್ಟೇ ಶಿವಮೊಗ್ಗದಿಂದ ಬಂದಿದ್ದ ಅವರ ತಾಯಿ.

ದೋಣಿಯ ಕ್ಯಾಪ್ಟನ್ ಎಣಿಸಿ ನೋಡಿ, ಆರು ಜನ ಮಾತ್ರ ಎಂದ. ‘ಅಮ್ಮ ನಲವತ್ತೈದು ಕೆಜಿಯೂ ಇಲ್ಲ’ ಎಂದರು ಸ್ನೇಹಿತರು. ಕ್ಯಾಪ್ಟನ್ ನಕ್ಕು, ‘ನಾನು ತೂಕ ನೋಡುವುದಿಲ್ಲ, ತಲೆ ಎಣಿಸುತ್ತೇನೆ. ಎತ್ತಿಕೊಂಡ ಮಗುವಾದರೂ ಒಂದು ತಲೆಯೇ’ ಎಂದ. ನಾವು ನೂರು ಡಾಲರ್ ಹೆಚ್ಚಿಗೆ ಕೊಡುವ ಮಾತೆತ್ತಿದೆವು. ದುಡ್ಡೇ ದೊಡ್ಡಪ್ಪ ಎಂಬ ಗಾದೆ ಕೇಳಿ ಬೆಳೆದವರಲ್ಲವೇ! ಅದೂ ನಡೆಯಲಿಲ್ಲ. ಕೊನೆಗೆ ಸ್ನೇಹಿತರು, ‘ಇವರಿಬ್ಬರೂ ಡಾಕ್ಟರು, ಏನಾದರೂ ಆದರೆ ನೋಡಿಕೊಳ್ಳುತ್ತಾರೆ’ ಎಂದು ನಮ್ಮನ್ನೇ ಮುಂದಕ್ಕೆ ತಳ್ಳಿದರು. ಮುಳುಗುವ ದೋಣಿಯಲ್ಲಿ ಸ್ಟೆತೊಸ್ಕೋಪಿನಿಂದ ಏನು ಪ್ರಯೋಜನವೋ ನಮಗೂ ತಿಳಿಯದು.

ಆತ ಹೇಳಿದ್ದು ಈ ದೇಶದ ಕಾನೂನು. ಕೋಸ್ಟ್ ಗಾರ್ಡ್‌ನವರು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡದಿರುವ ಇಂಥ ಸಣ್ಣ ದೋಣಿಗಳು ಹಣ ಪಡೆದು ಕರೆದೊಯ್ಯುವಾಗ ಆರು ಪ್ರಯಾಣಿಕರಿಗಿಂತ ಹೆಚ್ಚು ಜನರನ್ನು ಹತ್ತಿಸುವಂತಿಲ್ಲ.

ಆಗ ಅಮ್ಮ ತಾವಾಗಿಯೇ, ‘ನಾನು ಇಲ್ಲೇ ಬೆಂಚಿನ ಮೇಲೆ ಕೂತಿರ್ತೀನಿ ಕಣ್ರಪ್ಪ, ನೀವೆಲ್ಲ ಹೋಗಿಬನ್ನಿ’ ಎಂದರು. ಎಲ್ಲರಿಗೂ ಒಳಗೊಳಗೇ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು. ಏಕೆಂದರೆ ಅಡ್ಜಸ್ಟ್ ಎಂಬುದು ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ. ‘ನನಗೆ ಬೇಡ’ ಎಂದು ಹೇಳಿ ಹೇಳಿ ಅಭ್ಯಾಸವಾದವರ ತಲೆಯ ಮೇಲೆ. ಎಲ್ಲರಿಗೂ ಬಡಿಸಿ ತಳದ ಸಾರನ್ನು ಉಣ್ಣುವವರು, ಕಾರಿನಲ್ಲಿ ನಡುವಿನ ಸೀಟಿಗೆ ಸೇರುವವರು, ಯಾವಾಗಲೂ ಅವರೇ.

ಒಂದೆರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮನನ್ನು ದೋಣಿಗೆ ಹತ್ತಿಸಿ ನಾವಿಬ್ಬರು ದಡದಲ್ಲಿ ಉಳಿದೆವು. ಒಬ್ಬರು ಉಳಿದಿದ್ದರೆ ಸಾಕಿತ್ತು. ಆದರೆ ಒಬ್ಬರೇ ಕೂತು ಆರು ಗಂಟೆ ಮುಖ ಊದಿಸಿಕೊಳ್ಳುವುದಕ್ಕಿಂತ ಇಬ್ಬರೂ ಕೂತು ಕ್ಯಾಪ್ಟನ್‌ನನ್ನು ಬೈದುಕೊಳ್ಳುವುದು ಮೇಲೆನಿಸಿತು. ಮೊದಲ ಅರ್ಧ ಗಂಟೆ ಅದೇ ಕೆಲಸವಾಯಿತು. ಬೈದು ಮುಗಿದ ಮೇಲೆ ಯೋಚನೆ ಶುರುವಾಯಿತು.

ನಮ್ಮ ನ್ಯೂಯಾರ್ಕ್ ಇಂಥದೊಂದು ದೋಣಿ ವಿಹಾರಕ್ಕೆ ತೆತ್ತ ಬೆಲೆ ನೆನಪಾಯಿತು. 1904ರ ಜೂನ್ 15ರಂದು ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡ್‌ನ ಜರ್ಮನ್ ವಲಸೆಗಾರರು, ಸೇಂಟ್ ಮಾರ್ಕ್ಸ್ ಎಂಬ ತಮ್ಮ ಚರ್ಚಿನ ವಾರ್ಷಿಕ ಪಿಕ್ನಿಕ್ಕಿಗೆಂದು ‘ಜನರಲ್ ಸ್ಲೋಕಂ’ ಎಂಬ ಹಬೆಹಡಗನ್ನು 350 ಡಾಲರಿಗೆ ಬಾಡಿಗೆಗೆ ಹಿಡಿದರು. ನಮ್ಮ ಹಾಗೆಯೇ ತಮ್ಮ ಭಾಷೆ, ತಮ್ಮ ಊಟ, ತಮ್ಮ ಹಾಡು ಕಟ್ಟಿಕೊಂಡು ಪರದೇಶಕ್ಕೆ ಬಂದಿದ್ದ ಜನ. ಹಡಗಿನಲ್ಲಿ 1,300ಕ್ಕೂ ಹೆಚ್ಚು ಮಂದಿ. ಬುಧವಾರವಾದ್ದರಿಂದ ಗಂಡಸರು ಕೆಲಸಕ್ಕೆ ಹೋಗಿದ್ದರು, ಬಂದವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚು. ಈಸ್ಟ್ ರಿವರಿನಲ್ಲಿ ಹಡಗಿಗೆ ಬೆಂಕಿ ಬಿತ್ತು. ಬೆಂಕಿ ನಂದಿಸುವ ಹೋಸ್ ಪೈಪು ಲಡ್ಡಾಗಿತ್ತು, ನೀರು ಬಿಟ್ಟೊಡನೆ ಒಡೆಯಿತು. ಲೈಫ್ ಜಾಕೆಟ್ಟುಗಳೊಳಗಿನ ಬೆಂಡು ಪುಡಿಪುಡಿಯಾಗಿತ್ತು. ಅವನ್ನು ಮಕ್ಕಳಿಗೆ ತೊಡಿಸಿ ನೀರಿಗಿಳಿಸಿದ ತಾಯಂದಿರು ಮಕ್ಕಳು ಮುಳುಗುವುದನ್ನೇ ನೋಡಬೇಕಾಯಿತು. ಸಿಬ್ಬಂದಿಗೆ ಬೆಂಕಿಯ ಸಮಯದಲ್ಲಿ ಏನು ಮಾಡಬೇಕೆಂಬ ತರಬೇತಿಯೇ ಇರಲಿಲ್ಲ. ಸತ್ತವರು ಸಾವಿರಕ್ಕೂ ಹೆಚ್ಚು. ಆ ಹಡಗು ಅದೇ ವರ್ಷದ ಮೇ ತಿಂಗಳಲ್ಲಷ್ಟೇ ತಪಾಸಣೆಯಲ್ಲಿ ಪಾಸಾಗಿತ್ತು! ಹೋಸ್ ಪೈಪು ಇನ್ನೊಂದು ವರ್ಷ ನಡೆಯುತ್ತದೆ ಎಂದು ಒಬ್ಬರು, ಜಾಕೆಟ್ಟುಗಳನ್ನು ನೋಡದೆಯೇ ಸಹಿ ಹಾಕಬಹುದು ಎಂದು ಇನ್ನೊಬ್ಬರು, ಎಲ್ಲರೂ ‘ಸ್ವಲ್ಪ’ ಅಡ್ಜಸ್ಟ್ ಮಾಡಿಕೊಂಡಿದ್ದರು. ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನಲ್ಲಿ ಅವರ ನೆನಪಿನ ಚಿಕ್ಕ ಕಾರಂಜಿಯೊಂದಿದೆ. ಆ ಕಡೆ ಹೋದಾಗ ನೋಡಿ ಬನ್ನಿ.

ಅದು ನೂರು ವರ್ಷಗಳಾಚೆಯ ಮಾತು ಎನ್ನಬೇಡಿ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರು. ‘ಇನ್ನೊಬ್ಬರು ತಾನೇ, ಹತ್ತಲಿ ಬಿಡಿ’ ಎಂಬ ಮಾತು ಅಂದು ಆ ದಡದಲ್ಲಿ ಎಷ್ಟು ಸಲ ಕೇಳಿಬಂದಿರಬಹುದು! ಆಡಿದವರಲ್ಲಿ ಒಬ್ಬರೂ ಕೆಟ್ಟವರಾಗಿರಲಾರರು. ಅಟ್ಲಾಂಟಿಕ್ ಹೈಲ್ಯಾಂಡ್ಸ್‌ನಲ್ಲಿ ನಾವೂ ಅದನ್ನೇ ಆಡಿದ್ದೆವು.

ಹಾಗಾದರೆ ಹೊಂದಿಕೊಳ್ಳುವುದು ತಪ್ಪೇ? ಖಂಡಿತ ಅಲ್ಲ. ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಎರಡು ಸೂಟ್‌ಕೇಸಿನೊಂದಿಗೆ ಇಲ್ಲಿಗೆ ಬಂದಿಳಿದಾಗ, ಮುಖಪರಿಚಯವೂ ಇಲ್ಲದ ಕನ್ನಡ ಕುಟುಂಬವೊಂದು ಒಂದೇ ಬೆಡ್‌ರೂಮಿನ ತಮ್ಮ ಮನೆಯಲ್ಲಿ ಮೂರು ವಾರ ನಮಗೆ ಜಾಗ ಕೊಟ್ಟಿತು. ಇಂಥ ಅಡ್ಜಸ್ಟ್‌ಗಳಿಲ್ಲದಿದ್ದರೆ ಈ ಸಂಘವೂ ಇರುತ್ತಿರಲಿಲ್ಲ. ಆದರೆ ಅವರು ಬಿಟ್ಟುಕೊಟ್ಟದ್ದು ತಮ್ಮ ಮನೆಯ ಜಾಗ, ತಮ್ಮ ನಿದ್ದೆ. ನಾವು ಕ್ಯಾಪ್ಟನ್‌ನ ಮುಂದೆ ಬಿಟ್ಟುಕೊಡಲು ಹೊರಟದ್ದು ಉಳಿದ ಆರು ಜನರ ಕ್ಷೇಮವನ್ನು, ಆತನ ಲೈಸೆನ್ಸನ್ನು. ಅವು ನಮ್ಮವಾಗಿರಲಿಲ್ಲ. ವ್ಯತ್ಯಾಸ ಇಷ್ಟೇ: ತನ್ನದನ್ನು ಬಿಟ್ಟುಕೊಡುವುದು ಔದಾರ್ಯ. ಇನ್ನೊಬ್ಬರದನ್ನು, ಅವರನ್ನು ಕೇಳದೆ, ತಾನು ಬಿಟ್ಟುಕೊಡುವುದು ಔದಾರ್ಯವಲ್ಲ.

ಇದನ್ನು ಬೇರೆಯವರಿಗೆ ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1984ರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ ಮೇಲೆ ದೊಡ್ಡ ವಿಚಾರಣೆ ನಡೆದು, 1989ರಿಂದ ಈ ರಾಜ್ಯದಲ್ಲಿ ರೆಸಿಡೆಂಟ್ ವೈದ್ಯರು ವಾರಕ್ಕೆ ಸರಾಸರಿ 80 ಗಂಟೆ ಮೀರಿ ದುಡಿಯಬಾರದೆಂಬ ನಿಯಮ ಬಂತು. ಅದಾದ ಹಲವು ವರ್ಷಗಳ ಮೇಲೆ ರೆಸಿಡೆನ್ಸಿ ಮಾಡಿದ ನಾವು, ಕಾಗದದ ಮೇಲೆ ಎಂಬತ್ತು ಎಂದು ಬರೆದು ತೊಂಬತ್ತೈದು ಗಂಟೆ ದುಡಿದ ವಾರಗಳಿವೆ. ಅದನ್ನು ತ್ಯಾಗವೆಂದೇ ಭಾವಿಸಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ತೂಕಡಿಸುತ್ತ ಔಷಧಿಯ ಪ್ರಮಾಣ ಬರೆಯುವ ಕೈ ನಮ್ಮದು, ಅದನ್ನು ನುಂಗುವ ಬಾಯಿ ರೋಗಿಯದು. ‘ನಿಮ್ಮ ಡಾಕ್ಟರಿಗೆ ಮೂವತ್ತು ಗಂಟೆಯಿಂದ ನಿದ್ದೆಯಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುತ್ತೀರಾ?’ ಎಂದು ಆ ರೋಗಿಯನ್ನು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ದೊಡ್ಡ ಅನಾಹುತವಾಗಲಿಲ್ಲ, ನಿಜ. ಆದರೆ ಅನಾಹುತವಾಗದಿರುವುದು ಅದೃಷ್ಟ, ಸರಿಯಾಗಿ ನಡೆದುಕೊಂಡದ್ದಕ್ಕೆ ಸಾಕ್ಷಿಯಲ್ಲ. ಅಂದು ನಮ್ಮ ಎದುರಿಗೂ ತಲೆ ಎಣಿಸುವ ಕ್ಯಾಪ್ಟನ್ ಒಬ್ಬ ಇರಬೇಕಿತ್ತು.

ಸಂಜೆ ನಾಲ್ಕಕ್ಕೆ ದೋಣಿ ಮರಳಿತು. ಅಮ್ಮನ ಮುಖ ಬಿಸಿಲಿಗೆ ಕೆಂಪಾಗಿತ್ತು. 1764ರಿಂದ ಉರಿಯುತ್ತಿರುವ ಸ್ಯಾಂಡಿ ಹುಕ್‌ನ ದೀಪಸ್ತಂಭ, ದೂರದಲ್ಲಿ ಕಂಡ ಮ್ಯಾನ್‌ಹಟನ್, ಎಲ್ಲವನ್ನೂ ಮಗುವಿನಂತೆ ವರ್ಣಿಸಿದರು. ‘ಆ ಕ್ಯಾಪ್ಟನ್ ಹುಡುಗ ಒಳ್ಳೆಯವನು ಕಣ್ರೀ, ಎಲ್ಲರಿಗಿಂತ ಮೊದಲು ನನಗೇ ಜಾಕೆಟ್ ತೊಡಿಸಿ, ಎಳೆದು ನೋಡಿ, ಆಮೇಲೆ ದೋಣಿ ಬಿಟ್ಟ’ ಎಂದರು. ಇಳಿಯುವಾಗ ಅವನ ಕೈಗೆ ನಾಲ್ಕು ಕೋಡುಬಳೆ ಇಟ್ಟರು. ನಮ್ಮ ನೂರು ಡಾಲರನ್ನು ಬೇಡವೆಂದವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಮುಂದಿನ ಬೇಸಿಗೆಗೆ ಮತ್ತೆ ಹೋಗುವುದಿದೆ. ಈ ಸಲ ಹೊರಡುವ ಮುನ್ನವೇ ತಲೆ ಎಣಿಸುತ್ತೇವೆ, ಅಮ್ಮಂದಿರಿಂದ ಶುರುಮಾಡಿ. ಏಳನೆಯವರಿದ್ದರೆ ಎರಡು ದೋಣಿ ಹಿಡಿಯುತ್ತೇವೆ. ಖರ್ಚು ಹೆಚ್ಚು, ನಿಜ. ಆದರೆ ಆ ಖರ್ಚು ನಮ್ಮದೇ ಜೇಬಿನದು. ಅಡ್ಜಸ್ಟ್ ಮಾಡಿಕೊಳ್ಳಬಹುದು. ನೀವೇನಂತೀರಿ?